ಹೊಟ್ಟೆ ಹುಣ್ಣಿನ ಹಿಂದಿರುವ ಎಚ್ ಪೈಲೋರಿ: ಪತ್ತೆ ಮಾಡಿಸಿ ಪೂರ್ತಿ ಓಡಿಸುವುದು ಹೇಗೆ

ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನಡುರಾತ್ರಿ ಎಬ್ಬಿಸುವ ನೋವು. ಮಾತ್ರೆ ನುಂಗಿದರೆ ನಾಲ್ಕು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಹೀಗೇ ನಡೀತಿದ್ದರೆ ಸುಮ್ನೆ ಆಸಿಡ್ ಮಾತ್ರೆ ನುಂಗುತ್ತಾ ಕೂರಬೇಡಿ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿ.

ಜಠರದ ಆಸಿಡ್‌ಗೆ ಸಿಕ್ಕಿದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುತ್ತವೆ. ಇದು ಸಾಯುವುದಿಲ್ಲ. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ, ಆ ಅಮೋನಿಯಾ ಸುತ್ತಲಿನ ಆಸಿಡ್‌ನ ಶಕ್ತಿ ಕುಂದಿಸುತ್ತದೆ, ಅಷ್ಟರಲ್ಲಿ ಇದು ತನ್ನ ಸುರುಳಿ ಮೈಯಿಂದ ಲೋಳೆ ಪದರದೊಳಗೆ ನುಗ್ಗಿ ಅಲ್ಲೇ ಬೀಡು ಬಿಡುತ್ತದೆ. ಒಳಗೋಡೆ ಊದಿಕೊಂಡು ದುರ್ಬಲವಾಗುತ್ತದೆ. ಜಠರದ ಕೆಳಭಾಗದಲ್ಲಿ ಸೋಂಕು ಜಾಸ್ತಿಯಾದರೆ ಗ್ಯಾಸ್ಟ್ರಿನ್ ಹಾರ್ಮೋನ್ ಏರಿ ಆಸಿಡ್ ಇನ್ನೂ ಹೆಚ್ಚುತ್ತದೆ. ಅದು ಸಣ್ಣ ಕರುಳಿನ ಶುರುವಿನ ಭಾಗಕ್ಕೆ ಇಳಿದು ಅಲ್ಲೂ ಹುಣ್ಣು ಮಾಡುತ್ತದೆ. ಅಂದರೆ ಗಾಯ ಮಾಡುವುದು ಆಸಿಡ್ಡೇ, ಆದರೆ ಅದಕ್ಕೆ ದಾರಿ ಮಾಡಿಕೊಡುವುದು ಈ ಬ್ಯಾಕ್ಟೀರಿಯಾ. ಮಾತ್ರೆ ಬಿಟ್ಟ ಕೂಡಲೇ ಹುಣ್ಣು ಮರಳಿ ಬರುವುದು ಇದಕ್ಕೇ.

ಖಾರ ತಿಂದಿದ್ದಕ್ಕೆ, ಟೆನ್ಷನ್ ಮಾಡಿಕೊಂಡಿದ್ದಕ್ಕೆ ಹುಣ್ಣಾಯಿತು ಅಂತ ರೋಗಿಯನ್ನೇ ಬೈಯುವ ರೂಢಿ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ ಅಲ್ವಾ? ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಡಾಕ್ಟರುಗಳು 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರೂ ತುಂಬಾ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದರು, ಕೆಲವೇ ದಿನಗಳಲ್ಲಿ ಅವರ ಜಠರ ಊದಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಖಾರದಿಂದ ಉರಿ ಹೆಚ್ಚಬಹುದು, ನಿಜ. ಆದರೆ ಮೂಲ ಅದಲ್ಲ.

ಮೂಲ ಇನ್ನೊಂದಿದೆ, ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್, ಆಸ್ಪಿರಿನ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಪರೀಕ್ಷೆಗೆ ಉಸಿರು ಅಥವಾ ಮಲ ಕೊಟ್ಟರೆ ಸಾಕಾಗುತ್ತದೆ. ಕೆಲವರಿಗೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ ಬೇಕಾಗುತ್ತದೆ. ಇಲ್ಲೇ ಎಷ್ಟೋ ಜನ ಎಡವುವುದು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಆಸಿಡ್ ತಗ್ಗಿಸುವ ಮಾತ್ರೆ ತಗೊಳ್ಳುತ್ತಲೇ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರನ್ನು ಕೇಳಿ ಅದನ್ನು 2 ವಾರ ಮೊದಲೇ ನಿಲ್ಲಿಸಿ, ಆಂಟಿಬಯೋಟಿಕ್ ತಗೊಂಡಿದ್ದರೆ ಅದು ಮುಗಿದು 4 ವಾರ ಆದ ಮೇಲೆ ಪರೀಕ್ಷೆ ಮಾಡಿಸಿ. ರಕ್ತ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ, ಸೋಂಕು ಹೋದ ಮೇಲೂ ಅದು ಎಷ್ಟೋ ಕಾಲ ಪಾಸಿಟಿವ್ ಬರುತ್ತದೆ.

ಕಪ್ಪಗೆ ಡಾಂಬರಿನಂತೆ ಮಲ, ರಕ್ತ ವಾಂತಿ, ಏಕಾಏಕಿ ಕಿತ್ತುಬರುವ ಹೊಟ್ಟೆನೋವು ಕಂಡರೆ ಪರೀಕ್ಷೆ ಗಿರೀಕ್ಷೆ ಅಂತ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಸೋಂಕು ಖಚಿತವಾದರೆ ಆಸಿಡ್ ತಗ್ಗಿಸುವ ಮಾತ್ರೆಯ ಜೊತೆ ಎರಡು ಆಂಟಿಬಯೋಟಿಕ್, ಹಲವು ಸಲ ಬಿಸ್ಮತ್ ಎಂಬ ಔಷಧಿಯನ್ನೂ ಸೇರಿಸಿ ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಮಾತ್ರೆಗಳು ಜಾಸ್ತಿ, ಬಾಯಿ ಕಹಿ, ಹೊಟ್ಟೆ ತೊಳೆಸುವುದು, ಭೇದಿ, ಇವೆಲ್ಲ ಇರಬಹುದು. ಬಿಸ್ಮತ್‌ನಿಂದ ಮಲ ಕಪ್ಪಾಗುವುದೂ ಉಂಟು, ಆದರೆ ಡಾಂಬರಿನಂತೆ ಇದ್ದರೆ ಮೇಲೆ ಹೇಳಿದಂತೆ ಎಮರ್ಜೆನ್ಸಿಗೇ ಹೋಗಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರೆ ಮದ್ಯ ಮುಟ್ಟಬೇಡಿ. ಐದನೇ ದಿನಕ್ಕೆ ನೋವು ಹೋಯಿತು ಅಂತ ಮಾತ್ರೆ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೇ ಬಗ್ಗದಂತಾಗಬಹುದು, ಹಾಗಾಗಿ ದಯವಿಟ್ಟು ಕೋರ್ಸ್ ಮುಗಿಸಿ.

ಮುಗಿಸಿ ಕನಿಷ್ಠ 4 ವಾರ ಆದ ಮೇಲೆ ಉಸಿರು ಅಥವಾ ಮಲ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ನೋವು ಇಲ್ಲ ಅಂದ ಮಾತ್ರಕ್ಕೆ ಸೋಂಕು ಹೋಗಿದೆ ಅಂತಲ್ಲ. ಇನ್ನೂ ಉಳಿದಿದ್ದರೆ ಹಳೇ ಚೀಟಿ ಹಿಡಿದು ಅದೇ ಮಾತ್ರೆ ತರಬೇಡಿ, ಈ ಸಲ ಬೇರೆ ಆಂಟಿಬಯೋಟಿಕ್ ಬೇಕಾಗುತ್ತದೆ, ಅದನ್ನು ಡಾಕ್ಟರೇ ಆರಿಸಬೇಕು.