ಗೇರ್ ಬಾಕ್ಸಿನ ಹಟಮಾರಿ ಪ್ಲಗ್ಗು, ಒಂದು ಉಂಡೆ ಜೇನುಮೇಣ

ತುಕ್ಕು ಹಿಡಿದು ಕೂತ ಡ್ರೈನ್ ಪ್ಲಗ್ಗನ್ನು, ಅಂದ್ರೆ ಗೇರ್ ಬಾಕ್ಸಿನ ಹಳೇ ಆಯಿಲ್ ಇಳಿಸುವ ತಿರುಪನ್ನು, ಜೇನುಮೇಣದಲ್ಲಿ ಬಿಚ್ಚಬಹುದು ಅಂದಾಗ ನಮ್ಮೂರಲ್ಲಿ ಒಬ್ಬರೂ ನಂಬಲಿಲ್ಲ. ಈಗ ಅವರೇ ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸುತ್ತಾರೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದೇ ಬಿಡುತ್ತಿದ್ದೇನೆ. ಆಯಿಲ್ ಯಾಕೆ ಬದಲಾಯಿಸಬೇಕು, ಪ್ಲಗ್ ಎಲ್ಲಿರುತ್ತದೆ ಅಂತೆಲ್ಲ ಹೇಳಲ್ಲ, ಪಾನಾ ಹಿಡಿದವರಿಗೆ ಅದು ಗೊತ್ತೇ ಇರುತ್ತದೆ.

ಗಾಡಿ ಹಳೇ ಮಹೀಂದ್ರ ಡೀಸೆಲ್ ಜೀಪು. ನಮ್ಮದು ಹೊಸನಗರದ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯದೆ ಗತಿಯಿಲ್ಲ, ಮೈಲುತುತ್ತು ಕರಗಿಸಿದ ಡ್ರಮ್ಮು ತೋಟಕ್ಕೆ ಹೋಗುವುದು ಇದೇ ಜೀಪಿನಲ್ಲಿ. ತುತ್ತಿನ ನೀರು ಕಬ್ಬಿಣವನ್ನು ತಿಂದು ಹಾಕುತ್ತದೆ, ಅದಕ್ಕೇ ಕಬ್ಬಿಣದ ಪಾತ್ರೆಯಲ್ಲಿ ತುತ್ತು ಕಲಸಲ್ಲ ಅಲ್ವಾ. ಆ ನೀರು ವರ್ಷಗಟ್ಟಲೆ ಫ್ಲೋರ್ ಪ್ಲೇಟಿನ ಸಂದಿನಲ್ಲಿ ಇಳಿದು ಗೇರ್ ಬಾಕ್ಸ್ ಮೇಲೆ ಹರಿದು ಕೊನೆಗೆ ಪ್ಲಗ್ಗಿನ ಸುತ್ತ ನಿಂತಿದೆ. ಮೇಲಿಂದ ಜಂಬಿಟ್ಟಿಗೆ ಮಣ್ಣಿನ ಕೆಸರು ಬೇರೆ. ಪ್ಲಗ್ ಯಾವುದು, ಬಾಕ್ಸ್ ಯಾವುದು ಅಂತ ಗೊತ್ತಾಗದಷ್ಟು ಒಂದಾಗಿತ್ತು.

ಹಳ್ಳ ದಾಟುವಾಗ ಗೇರ್ ಬಾಕ್ಸ್ ಒಳಗೆ ನೀರು ಹೋಗಿತ್ತು. ಮೇಲೆ ಆಯಿಲ್ ತುಂಬಿಸುವ ಫಿಲ್ಲರ್ ಪ್ಲಗ್ ತೆಗೆದು ಬೆರಳು ಹಾಕಿದರೆ ಆಯಿಲ್ ಹಾಲು ಹೆಚ್ಚಾದ ಟೀ ಬಣ್ಣಕ್ಕೆ ತಿರುಗಿದೆ. ಫಿಲ್ಲರ್ ಮೊದಲು ಬಿಚ್ಚಿ ಅಂತ ಯಾಕೆ ಬಡಿದುಕೊಳ್ಳುತ್ತೇನೆ ಅಂದ್ರೆ, ಕೆಳಗಿನದು ಬಿಚ್ಚಿ ಆಯಿಲ್ ಖಾಲಿಯಾದ ಮೇಲೆ ಮೇಲಿನದು ಬರದೆ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

"ಮೇಲಿಂದಲೇ ಪಂಪ್ ಹಾಕಿ ಎಳೆದುಬಿಡಿ, ಪ್ಲಗ್ ಸುದ್ದಿಗೆ ಹೋಗಬೇಡಿ" ಅಂದವರು ಜಾಸ್ತಿ. ಎಳೆಯಬಹುದು, ನಾನೂ ಎಳೆದೆ. ಆದರೆ ನೀರು, ಕೆಸರು, ಗೇರು ಸವೆದ ಕಬ್ಬಿಣದ ಪುಡಿ ಎಲ್ಲ ಕೂತಿರುವುದು ತಳದಲ್ಲಿ. ಅದನ್ನು ಅಲ್ಲೇ ಬಿಟ್ಟು ಹೊಸ ಆಯಿಲ್ ಸುರಿದರೆ ದುಡ್ಡು ಸುರಿದ ಹಾಗೆಯೇ.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆ. ಹನ್ನೆರಡು ಮೂಲೆಯ ರಿಂಗ್ ಪಾನಾ ಹಾಕಿ ಎಳೆದು ಪ್ಲಗ್ಗಿನ ಮೂಲೆಗಳನ್ನೆಲ್ಲ ಉರುಟು ಮಾಡಿದರು, ಮೇಲೆ ಐನೂರು ರೂಪಾಯಿ ಕೂಲಿ. ಇನ್ನೊಂದು ಕಡೆ ಹುಡುಗ ಟಾರ್ಚ್ ಬಿಟ್ಟು ನೋಡಿ "ಗೇರ್ ಬಾಕ್ಸ್ ಇಳಿಸದೆ ಆಗಲ್ಲ ಸಾರ್, ಡ್ರಿಲ್ ಹೊಡೀಬೇಕು, ಕೇಸ್ ಹೋದ್ರೆ ಅದೂ ನಿಮ್ದೇ" ಅಂದ. ಲೆಕ್ಕ ಹಾಕಿದರೆ ಹನ್ನೆರಡು ಸಾವಿರದ ಮೇಲೆ. ಒಂದು ಪ್ಲಗ್ಗಿಗೆ! ಉರುಟಾದ ತಲೆಗೆ ನಟ್ ವೆಲ್ಡ್ ಮಾಡಿಸುವುದು ಒಳ್ಳೆ ದಾರಿಯೇ, ಬೇಡ ಅನ್ನಲ್ಲ. ಆದರೆ ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಇರಬೇಕಲ್ಲ, ಕೆಸರಿನಲ್ಲಿ ಅಂಗಾತ ಮಲಗಿ ವೆಲ್ಡಿಂಗ್ ಮಾಡುವವರು ಸಿಗಬೇಕಲ್ಲ.

ಮನೆಯಲ್ಲೇ ಶುರು ಮಾಡಿದೆ. ತುಕ್ಕು ಸಡಿಲಿಸುವ ಸ್ಪ್ರೇ ಡಬ್ಬಗಳಿಗೇ ಏಳೆಂಟುನೂರು ಹೋಯಿತು. ಕೆಳಮುಖ ಮಾಡಿ ಕೂತ ಪ್ಲಗ್ಗಿಗೆ ಏನು ಹೊಡೆದರೂ ಎರಡು ನಿಮಿಷಕ್ಕೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಆಮೇಲೆ ಜೇಡಿಮಣ್ಣಿನಲ್ಲಿ ಬಟ್ಟಲು ಮಾಡಿ ಪ್ಲಗ್ಗಿನ ಸುತ್ತ ಮೆತ್ತಿ, ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಮತ್ತು ಪೇಂಟ್ ಥಿನ್ನರ್ ಸಮಸಮ ಬೆರೆಸಿ ತುಂಬಿಸಿಟ್ಟೆ. ಬೆಳಗ್ಗೆ ನೋಡಿದರೆ ಮಣ್ಣು ಬಿರುಕು ಬಿಟ್ಟು ಎಲ್ಲ ಸೋರಿದೆ. ಮೈದಾ ಹಿಟ್ಟು ಕಲಸಿ ಮೆತ್ತಿದಾಗ ನಿಂತಿತು, ಆದರೆ ಹೊರಗಿನ ಒಂದೆರಡು ಥ್ರೆಡ್ (ತಿರುಪಿನ ಸುತ್ತು) ಬಿಟ್ಟರೆ ಮೇಲೆ ಏರಲಿಲ್ಲ. ನಾಲ್ಕಡಿ ಪೈಪ್ ಸಿಕ್ಕಿಸಿ ಎಳೆದರೆ ಪೈಪ್ ಬಾಗಿತು. ಪಂಕ್ಚರ್ ಅಂಗಡಿಯಿಂದ ಇಂಪ್ಯಾಕ್ಟ್ ಗನ್ ತಂದರೆ ಉರುಟು ತಲೆ ಮೇಲೆ ಸಾಕೆಟ್ ಸುಮ್ನೆ ತಿರುಗಿತು.

ಅಷ್ಟರಲ್ಲಿ ನೆನಪಾದದ್ದು ಶಿವಮೊಗ್ಗದಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರ ಮಾತು. ಕಾದ ಕಬ್ಬಿಣಕ್ಕೆ ಮೇಣ ಮುಟ್ಟಿಸಿದರೆ ಅದು ಸಂದಿಯೊಳಗೆ ತಾನೇ ಏರುತ್ತದೆ ಅನ್ನುತ್ತಿದ್ದರು. ಪಕ್ಕದ ಮನೆಯವರಿಗೆ ಹೇಳಿದೆ. "ಗ್ರೀಸಿಗೇ ಬಿಡದ್ದು ಮೇಣಕ್ಕೆ ಬಿಡುತ್ತಾ ಮಾರಾಯ? ಬೆಂಕಿ ಹಚ್ಚಿ ಜೀಪು ಸುಟ್ಟುಕೊಳ್ತೀಯ ನೋಡು" ಅಂದರು.

ಮೊದಲು ಹಳೇ ಪಂಪ್ ಸೆಟ್ಟಿನ ತುಕ್ಕು ಬೋಲ್ಟುಗಳ ಮೇಲೆ ನೋಡಿದೆ. ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ, ಎಟಿಎಫ್ ಥಿನ್ನರ್, ಮೇಣದಬತ್ತಿ, ಜೇನುಮೇಣ ಎಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಅಲ್ಲೇ ಹೆಪ್ಪುಗಟ್ಟಿತು. ಮೇಲ್ಮುಖ ಇರುವ ಬೋಲ್ಟಿಗೆ ಎಟಿಎಫ್ ಥಿನ್ನರ್ ನಿಜವಾಗಿ ಒಳ್ಳೆಯದು. ಮೇಣದಬತ್ತಿ ಕೆಲಸ ಮಾಡುತ್ತದೆ, ಆದರೆ ತೆಳ್ಳಗಾಗಿ ಜಾಸ್ತಿ ಕೆಳಗೇ ಬೀಳುತ್ತದೆ. ಜೇನುಮೇಣ ಅಂಟಿಕೊಂಡು ನಿಲ್ಲುತ್ತದೆ, ನಿಂತು ಒಳಗೆ ಹೋಗುತ್ತದೆ. ನಮ್ಮಲ್ಲಿ ಜೇನು ಸಾಕುವವರ ಮನೆಯಲ್ಲಿ ಮೇಣ ಕೇಳಿದರೆ ಒಂದು ಉಂಡೆ ಹಾಗೇ ಕೊಡುತ್ತಾರೆ.

ಜೀಪಿನ ಕೆಲಸಕ್ಕೆ ಮೊದಲು ಪ್ಲಗ್ಗಿನ ತಲೆ ಸರಿ ಮಾಡಿದೆ. ಉರುಟಾದ ಆರೂ ಮುಖಕ್ಕೆ ಫೈಲ್ ಹಾಕಿ ಒಂದು ಸೈಜ್ ಚಿಕ್ಕದು ಮಾಡಿದೆ. ಅವಸರ ಮಾಡದೆ ಒಂದು ಮಧ್ಯಾಹ್ನವಿಡೀ ಉಜ್ಜಬೇಕು. ಗಾಡಿ ಸಾಮಾನಿನ ಅಂಗಡಿಗಳಿರುವ ಆಟೋ ಕಾಂಪ್ಲೆಕ್ಸಿನಿಂದ ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ತಂದು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಅಲುಗದ ಹಾಗೆ ಕೂತಿತು. ಸಾಕೆಟ್ಟಿಗೆ ಇನ್ನೂರೈವತ್ತೋ ಮುನ್ನೂರೋ ಆಯಿತು. ಹನ್ನೆರಡು ಮೂಲೆಯದನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಆಮೇಲೆ ಬೆಂಕಿ. ಆಯಿಲ್ ಆದಷ್ಟು ಮೇಲಿಂದ ಎಳೆದಿದ್ದೆ. ಒಳಗಿನ ಬಿಸಿಗಾಳಿ ಹೊರಗೆ ಹೋಗಲಿ ಅಂತ ಫಿಲ್ಲರ್ ತೆರೆದೇ ಇಡಬೇಕು. ಹತ್ತಿರದ ಡೀಸೆಲ್ ಪೈಪು, ವೈರುಗಳಿಗೆ ಒದ್ದೆ ಗೋಣಿ ಸುತ್ತಿ, ನೆಲದ ಆಯಿಲೆಲ್ಲ ಒರೆಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೆ. ಚಿಕ್ಕ ಗ್ಯಾಸ್ ಟಾರ್ಚ್ ಸಾಕು. ಕಾಯಿಸಬೇಕಾದ್ದು ಪ್ಲಗ್ಗನ್ನಲ್ಲ, ಅದರ ಸುತ್ತಲಿನ ಬಾಕ್ಸಿನ ಗೋಡೆಯನ್ನು. ಒಂದೇ ಕಡೆ ಹಿಡಿದರೆ ಎರಕದ ಕಬ್ಬಿಣ ಬಿರಿಯುತ್ತದೆ, ಸುತ್ತ ಆಡಿಸುತ್ತಲೇ ಇರಬೇಕು. ಆಯಿಲ್ ಸೀಲ್ ಕಡೆ ಜ್ವಾಲೆ ತಿರುಗಿಸಬಾರದು.

ಜೇನುಮೇಣ 62-64 ಡಿಗ್ರಿಗೆ ಕರಗುತ್ತದೆ. ಕರಗಿದರೆ ಸಾಲದು, ಮುಟ್ಟಿಸಿದ ತಕ್ಷಣ ಸಣ್ಣಗೆ ಹೊಗೆ ಬರುವಷ್ಟು ಬಿಸಿ ಬೇಕು. ಬೆಂಕಿ ಪೂರ್ತಿ ಆರಿಸಿ ಆಮೇಲೆ ಮೇಣ, ಇಲ್ಲದಿದ್ದರೆ ಹತ್ತಿಕೊಳ್ಳುತ್ತದೆ. ಪ್ಲಗ್ ಮತ್ತು ಬಾಕ್ಸ್ ಸೇರುವ ಗೆರೆಯ ಮೇಲೆ ಮೇಣದ ತುದಿ ಎಳೆದಾಗ ನಾನು ಕಣ್ಣಾರೆ ನೋಡಿದೆ: ಮೊದಲು ಒಂದು ಹನಿ ಬಿತ್ತು, ಮುಂದಿನದು ಗೆರೆಯಲ್ಲೇ ನಿಂತಿತು, ನಿಂತದ್ದು ಮೆಲ್ಲಗೆ ಮೇಲಕ್ಕೆ ಇಂಗಿ ಮಾಯವಾಯಿತು. ಜೀಪಿನ ಕೆಳಗೆಲ್ಲ ಜೇನಿನ ಘಮ. ಸ್ವಲ್ಪ ತಣಿಯಲು ಬಿಟ್ಟು ಮತ್ತೆ ಕಾಯಿಸಿ ಮತ್ತೆ ಮೇಣ, ಹೀಗೆ ನಾಲ್ಕೈದು ಸುತ್ತು. ನಡುನಡುವೆ ಹಿತ್ತಾಳೆ ತುಂಡು ಇಟ್ಟು ಪ್ಲಗ್ಗಿನ ನಟ್ಟನಡುವೆ ಸುತ್ತಿಗೆ ಏಟು. ಬಾಕ್ಸಿಗೆ ತಾಗಿಸಬಾರದು. ಎಷ್ಟು ತಣಿದಾಗ ಪಾನಾ ಹಾಕಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ, ಅದು ನಿಮ್ಮ ಕೈಗೇ ಗೊತ್ತಾಗಬೇಕು. ಮೇಣಕ್ಕೆ ಇನ್ನೊಂದು ಸಾಮಾನು ಚೂರು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ. ಒಂದು ಕೂದಲೆಳೆಯಷ್ಟು. "ಟಕ್" ಅಂತ ಸದ್ದಾಯಿತು. ಆಮೇಲೆ ಹಿಂದಕ್ಕೆ ಕಾಲು ಸುತ್ತು, ಮುಂದಕ್ಕೆ ಅದರ ಅರ್ಧದಷ್ಟು, ಮತ್ತೆ ಹಿಂದಕ್ಕೆ. ಕೊನೆಯ ಎರಡು ಸುತ್ತು ಕೈಬೆರಳಲ್ಲೇ ಬಂತು. ಹೊರಗಿನ ಎರಡು ಥ್ರೆಡ್ ಕೆಂಪು ತುಕ್ಕು, ಒಳಗಿನವು ಹೊಸದರ ಹಾಗೆ ಹೊಳೆಯುತ್ತಿದ್ದವು, ಸಂದಿನಲ್ಲಿ ಹಳದಿ ಮೇಣ ತುಂಬಿಕೊಂಡಿತ್ತು. ಹಿಂದೆಯೇ ಅರ್ಧ ಲೋಟ ನೀರು, ಆಮೇಲೆ ಬೂದು ಬಣ್ಣದ ಗೊಜ್ಜು. ಪಕ್ಕದ ಮನೆಯವರು ಪ್ಲಗ್ಗನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ವಾರದೊಳಗೆ ಅವರ ಪಿಕಪ್ಪೂ ಬಂತು, ಅದರ ಪ್ಲಗ್ಗೂ ಬಿಚ್ಚಿತು.

ಓಮ್ನಿ ಥರದ ಅಲ್ಯೂಮಿನಿಯಂ ಗೇರ್ ಬಾಕ್ಸಿಗೆ ಇಷ್ಟು ಬೆಂಕಿ ಕೊಡಬೇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ಹತ್ತು ಹದಿನೈದು ಕಿಲೋಮೀಟರ್ ಏರು ರಸ್ತೆಯಲ್ಲಿ ಓಡಿಸಿ ಬಂದು ಬಿಸಿಯಿದ್ದಾಗಲೇ ಬಿಚ್ಚಿದರೆ ಎಷ್ಟೋ ಸಲ ಹಾಗೇ ಬರುತ್ತದೆ. ಪೈಪ್ ಹಾಕಿ ಜಗ್ಗಿದರೆ ಮಾತ್ರ ಪ್ಲಗ್ಗಿನ ಜೊತೆ ಥ್ರೆಡ್ಡೂ ಕಿತ್ತು ಬರುತ್ತದೆ.

ನನ್ನ ಒಟ್ಟು ಖರ್ಚು, ಗ್ಯಾರೇಜಿನ ಐನೂರು ಬಿಟ್ಟು, ಸ್ಪ್ರೇ, ಟಾರ್ಚ್, ಸಾಕೆಟ್ ಎಲ್ಲ ಸೇರಿ ಎರಡು ಸಾವಿರದೊಳಗೆ. ಸ್ಪ್ರೇ ಬೇಕಿರಲೇ ಇಲ್ಲ. ಟಾರ್ಚು, ಸಾಕೆಟ್ಟು ಇನ್ನೂ ದುಡಿಯುತ್ತಿವೆ.

ನೀರು ಹೊಕ್ಕ ಬಾಕ್ಸಿಗೆ ಒಂದೇ ಸಲ ಒಳ್ಳೆ ಆಯಿಲ್ ಹಾಕಬೇಡಿ. ನಾನು ಅಗ್ಗದ್ದು ತುಂಬಿಸಿ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ ಇಳಿಸಿದೆ, ಆಮೇಲೆ 80ಡಬ್ಲ್ಯೂ-90 ಜಿಎಲ್-4 ದರ್ಜೆಯ ಗೇರ್ ಆಯಿಲ್ ಫಿಲ್ಲರ್ ತೂತಿನ ಅಂಚಿಗೆ ಬರುವವರೆಗೆ. ಹಳೇ ಬಾಕ್ಸುಗಳಲ್ಲಿ ಹಿತ್ತಾಳೆ ಸಿಂಕ್ರೋ (ಗೇರು ಸಲೀಸಾಗಿ ಬೀಳಿಸುವ ಬಳೆ) ಇರುತ್ತದೆ, ಜಿಎಲ್-5 ದರ್ಜೆಯ ಆಯಿಲ್ ಅದಕ್ಕೆ ಒಗ್ಗದೆ ಹೋಗಬಹುದು. ಪ್ಲಗ್ಗಿಗೆ ಹೊಸ ತಾಮ್ರದ ವಾಷರ್, ಥ್ರೆಡ್ಡಿಗೆ ತೆಳ್ಳಗೆ ಆಂಟಿ ಸೀಜ್, ಅಂದ್ರೆ ಮತ್ತೆ ಕಚ್ಚಿಕೊಳ್ಳದ ಹಾಗೆ ಹಚ್ಚುವ ಪೇಸ್ಟು. ನೀರು ಇಳಿದದ್ದು ಗೇರ್ ಲಿವರ್ ಬುಡದ ರಬ್ಬರ್ ಹರಿದಿದ್ದರಿಂದ, ನೂರು ನೂರೈವತ್ತಕ್ಕೆ ಅದನ್ನೂ ಬದಲಾಯಿಸಿದೆ. ಈಗ ತುತ್ತಿನ ಡ್ರಮ್ಮಿನ ಕೆಳಗೆ ದಪ್ಪ ತಾಡಪಾಲು ಹಾಸುತ್ತೇನೆ, ಬೋರ್ಡೋ ಹೊಡೆದು ಬಂದ ದಿನ ಜೀಪಿನ ಅಡಿಗೆ ಪೈಪ್ ಬಿಟ್ಟು ತೊಳೆಯುತ್ತೇನೆ.