18 ಜನ, ತಲೆಗೆ 600, ರಾತ್ರಿ 11ಕ್ಕೆ ಟ್ರೇನು

ನಮ್ಮದು ತೀರ್ಥಹಳ್ಳಿ ಕಡೆ ಹೈಸ್ಕೂಲಿನ ಬ್ಯಾಚು. ಅರ್ಧ ಜನ ಬೆಂಗ್ಳೂರು ಸೇರಿದಾರೆ, ಉಳಿದವ್ರು ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಅಂತ ಇಲ್ಲೇ ಇದೀವಿ. ಆಗಾಗ ಸೇರ್ತೀವಿ. ಇಲ್ಲಾದ್ರೆ ಎಂತ ತಲೆಬಿಸಿನೂ ಇಲ್ಲ, ಯಾರ್ದೋ ತೋಟದ ಮನೆ, ಕಡುಬು ಕೋಳಿಸಾರು, ಸಸ್ಯಾಹಾರಿಗಳಿಗೆ ಬೇರೆ ಒಲೆ, ಮುಗೀತು. ಬೆಂಗ್ಳೂರಲ್ಲಾದ್ರೆ ಹೋಟ್ಲು ಹುಡುಕ್ಬೇಕು, ಅದು ಯಾವಾಗ್ಲೂ ನನ್ನ ತಲೆ ಮೇಲೇ ಬೀಳೋದು, ಯಾಕಂದ್ರೆ ನಾನು ಊರಲ್ಲಿ ಮದುವೆ ಮನೆಗಳಿಗೆ ಶಾಮಿಯಾನ, ಪಾತ್ರೆ ಬಾಡಿಗೆ ಕೊಡೋನು, "ನಿಂಗೆ ಊಟದ್ದೆಲ್ಲ ಗೊತ್ತಲ್ಲ ಮಾರಾಯ" ಅಂತಾರೆ.

ಮೊದಲ್ನೇ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಮೊಬೈಲಲ್ಲಿ 4.4 ರೇಟಿಂಗ್ ನೋಡ್ದೆ, ಫೋಟೋದಲ್ಲಿ ದೀಪ ಚೆನ್ನಾಗಿತ್ತು, ಕೋರಮಂಗಲದ ಒಂದು ರೂಫ್‌ಟಾಪಲ್ಲಿ ಟೇಬಲ್ ಬುಕ್ ಮಾಡ್ದೆ. ಹೋದ್ರೆ 16 ಜನಾನ ಮೂರು ಕಡೆ ಕೂರಿಸಿದ್ರು. ಮ್ಯೂಸಿಕ್ಕು ಎಷ್ಟು ಜೋರು ಅಂದ್ರೆ ಎದ್ರು ಕೂತವನ ಹತ್ರ ಮಾತಾಡೋಕೂ ಕೂಗ್ಬೇಕು. ಒಂದು ಟೇಬಲ್ಲಿಗೆ ಗೋಬಿ ಬಂದು ಖಾಲಿ ಆಗಿ ಪ್ಲೇಟೂ ಎತ್ತಿದ್ರು, ಇನ್ನೊಂದು ಟೇಬಲ್ಲಿನವ್ರಿಗೆ ಇನ್ನೂ ಸೂಪೂ ಬಂದಿಲ್ಲ. ಊಟ ಅಂತ ಬರೋವಾಗ 9.20. ಶಿವಮೊಗ್ಗದವ್ರೆಲ್ಲ ಮೈಸೂರು–ತಾಳಗುಪ್ಪ ರಾತ್ರಿ ಟ್ರೇನಿಗೆ ವಾಪಸ್ ಹೊರಡೋರು, ಅದು 11ರ ಹೊತ್ತಿಗೆ ಮೆಜೆಸ್ಟಿಕ್ ಬಿಡುತ್ತೆ, ಕೋರಮಂಗಲದಿಂದ ಕ್ಯಾಬಲ್ಲಿ ಹೊರಟ್ವಿ, ಸಿಗ್ನಲ್ ಸಿಗ್ನಲ್ಲಲ್ಲೂ ನಿಂತು ನಿಂತು ಐದು ಜನಕ್ಕೆ ಟ್ರೇನ್ ತಪ್ಪೋಯ್ತು, ಬಸ್‌ಸ್ಟ್ಯಾಂಡಿಗೆ ಓಡಿ ಸಿಕ್ಕಿದ ಕೆಂಪು ಬಸ್ಸಲ್ಲಿ ಬೆಳಗಿನ ತನಕ ಕುಲುಕ್ಕೊಂಡು ಬಂದ್ರು. ಇವತ್ತಿಗೂ ಅದನ್ನೇ ಹೇಳಿ ಆಡ್ಕೊಳ್ತಾರೆ.

ಆಮೇಲೆ ಕೂತು ಯೋಚ್ನೆ ಮಾಡಿದ್ರೆ, ಇದು ನನ್ನ ಕಸುಬಿನ ವಿಷ್ಯನೇ ಅಲ್ವಾ ಅನ್ಸ್ತು. ಹೋಟ್ಲು ಅಂದ್ರೆ ನಾಲ್ಕು ನಾಲ್ಕು ಜನರ ಲೆಕ್ಕ. ನಾವು 18 ಜನ ಹೋಗೋದು ಅಂದ್ರೆ ಅದು ಪಂಕ್ತಿ. ಪಂಕ್ತಿಲಿ ಒಂದು ಎಲೆಗೆ ಅನ್ನ ಬಿದ್ದು ಪಕ್ಕದ ಎಲೆ ಖಾಲಿ ಇದ್ರೆ ಬೀಗರು ಎದ್ದು ಹೋಗ್ತಾರೆ. ಹಂಗಾಗಿ ಈ ಸಲ ರುಚಿ ಗಿಚಿ ಆಮೇಲೆ ನೋಡೋಣ, ಪಂಕ್ತಿ ಬಡಿಸೋ ತಾಕತ್ತಿರೋ ಹೋಟ್ಲು ಮೊದ್ಲು ಹುಡುಕೋಣ ಅಂತ ಶುರು ಮಾಡ್ದೆ.

ಜಾಗ ತೀರ್ಮಾನ ಮಾಡಿದ್ದು ಟ್ರೇನು. ಮೆಜೆಸ್ಟಿಕ್ಕಿಂದ ಮೆಟ್ರೋದ ಹಸಿರು ಲೈನಲ್ಲಿ ಒಂದೇ ಸ್ಟಾಪು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ, ಅಲ್ಲಿಗೆ ಮಲ್ಲೇಶ್ವರ. ವೈಟ್‌ಫೀಲ್ಡಿನವ್ರು ನೇರಳೆ ಲೈನಲ್ಲಿ ಬಂದು ಮೆಜೆಸ್ಟಿಕ್ಕಲ್ಲಿ ಬದಲಾಯಿಸ್ಕೊಳ್ತಾರೆ, ಎಲೆಕ್ಟ್ರಾನಿಕ್ ಸಿಟಿಯವ್ರಿಗೆ ಈಗ ಹಳದಿ ಲೈನು ಬಂದಿದೆ, ಆರ್‌ವಿ ರೋಡಲ್ಲಿ ಇಳಿದು ಹಸಿರು ಹತ್ತಿದ್ರಾಯ್ತು. ಯಾರೂ ಕಾರು ತರ್ಬೇಡಿ ಅಂದೆ. ಇಬ್ಬರು ತಂದ್ರು, ಪಾರ್ಕಿಂಗ್ ಹುಡುಕಿ ಮುಕ್ಕಾಲು ಗಂಟೆ ಲೇಟಾಗಿ ಬಂದ್ರು.

ವೆಜ್ಜಾ ನಾನ್‌ವೆಜ್ಜಾ ಅನ್ನೋದಕ್ಕೆ ಗ್ರೂಪಲ್ಲಿ ಎರಡು ದಿನ ಜಗಳ. 18ರಲ್ಲಿ 7 ಜನ ವೆಜ್ಜು, ಅದ್ರಲ್ಲಿ ಇಬ್ಬರು ಮಾಂಸ ಬೇಯೋ ಅಡುಗೆಮನೇಲಿ ನೀರೂ ಕುಡಿಯಲ್ಲ. "ಕೋಳಿ ಇಲ್ದೆ ಎಂತ ಗೆಟ್‌ಟುಗೆದರ್ ಹೋಗಾ" ಅಂತ ಒಬ್ಬ ಮುನಿಸ್ಕೊಂಡ. ಮಧ್ಯಾಹ್ನ ಮಿಲ್ಟ್ರಿ ಹೋಟ್ಲಲ್ಲಿ ಮುಗಿಸ್ಕೊಂಡು ಬನ್ರೋ, ರಾತ್ರಿ ಶುದ್ಧ ವೆಜ್ಜು ಅಂತ ಬಾಯಿ ಮುಚ್ಚಿಸ್ದೆ. ಹಂಗಂತ ದರ್ಶಿನಿಗೆ ಹೋಗೋಕಾಗಲ್ಲ, ದೋಸೆ ಎಷ್ಟೇ ಚೆನ್ನಾಗಿರ್ಲಿ, ನಿಂತ್ಕೊಂಡು ತಿನ್ನೋಕೆ ನಮ್ಮ ಮಂಡಿಗಳು ಕೇಳ್ಬೇಕಲ್ಲ.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ಮೊದಲ್ನೇ ಸಲ ಏಟು ಬಿದ್ದಿದ್ದು ಇಲ್ಲೇ. ಮೆನುಲಿ ತಲೆಗೆ 600 ಅಂದ್ಕೊಳ್ಳಿ. ಅದಕ್ಕೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿದ್ರೆ 660, ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಹಾಕಿದ್ರೆ 693. ಸರ್ವಿಸ್ ಚಾರ್ಜ್‌ನ ಅವ್ರಾಗೇ ಬಿಲ್ಲಿಗೆ ಸೇರಿಸೋ ಹಂಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. ಆದ್ರೆ ಟ್ರೇನ್ ಹಿಡಿಯೋ ಗಡಿಬಿಡೀಲಿ ಕಾನೂನು ಮಾತಾಡೋಕೆ ಯಾರಿಗೆ ಪುರುಸೊತ್ತು, ಫೋನಲ್ಲೇ ಕೇಳ್ಬಿಡೋದು ವಾಸಿ. ದೊಡ್ಡ ಲಾಡ್ಜಿಂಗ್ ಹೋಟ್ಲು ಒಳಗಿರೋ ರೆಸ್ಟೋರೆಂಟ್ ಬಿಟ್ಟೆ, ರೂಮು ಬಾಡಿಗೆ ದಿನಕ್ಕೆ 7,500 ದಾಟೋ ಕಡೆ ಊಟಕ್ಕೆ 18 ಪರ್ಸೆಂಟ್ ಜಿಎಸ್‌ಟಿ. ನಮ್ಮ ಮಿತಿ ಎಲ್ಲಾ ಸೇರಿ 600, ಅಂದ್ರೆ ಮೆನುಲಿ ಸುಮಾರು 570 ಮೀರ್ಬಾರ್ದು.

ಆರು ಹೋಟ್ಲು ಆರಿಸ್ಕೊಂಡು ಅಂಗಡೀಲಿ ಕೂತ್ಕೊಂಡೇ ಫೋನ್ ಮಾಡ್ದೆ, ಸಂಜೆ 4ರ ಹೊತ್ತಿಗೆ. ಊಟದ ಟೈಮಲ್ಲಿ ಮಾಡಿದ್ರೆ ಅವ್ರಿಗೆ ಮಾತಾಡೋ ಮನಸ್ಸಿರಲ್ಲ. ಮೂರು ಕಡೆ "ಬನ್ನಿ ಸಾರ್ ನೋಡೋಣ, ಅಡ್ಜಸ್ಟ್ ಮಾಡಣ" ಅಂದ್ರು. ನಮ್ಮ ಧಂಧೇಲಿ ನಾವೂ ಹಿಂಗೇ ಹೇಳೋದು, ಸಾಮಾನು ಇಲ್ದಿದ್ದಾಗ. ಒಬ್ಬರು ಫೋನೇ ಎತ್ತಲಿಲ್ಲ. ಇನ್ನೊಂದು ಕಡೆ ಬಫೆ ತಗೊಳ್ಳಿ ಅಂತ ಗಂಟುಬಿದ್ರು. ಕೊನೇದ್ರಲ್ಲಿ ಮ್ಯಾನೇಜರು ನಾನು ಕೇಳೋಕೆ ಮುಂಚೆ ಅವ್ರೇ ಕೇಳಿದ್ರು, "ಮಕ್ಕಳೆಷ್ಟು ಸಾರ್? ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋರು ಇದಾರಾ? ನೀವು ಎಷ್ಟೊತ್ತಿಗೆ ಏಳ್ಬೇಕು?" ಎಷ್ಟೊತ್ತಿಗೆ ಏಳ್ಬೇಕು ಅಂತ ಕೇಳಿದ್ನಲ್ಲ, ಅಲ್ಲೇ ನಂಗೆ ಅರ್ಧ ಸಮಾಧಾನ ಆಯ್ತು, ಈ ಮನುಷ್ಯ ಪಂಕ್ತಿ ನೋಡಿದಾನೆ. ಸರ್ವಿಸ್ ಚಾರ್ಜ್ ಇಲ್ಲ ಅಂದ್ರು, ನಾಲ್ಕು ಟೇಬಲ್ ಉದ್ದಕ್ಕೆ ಜೋಡಿಸ್ತೀವಿ ಅಂದ್ರು, ಎಲ್ಲಾನೂ ವಾಟ್ಸಾಪಲ್ಲಿ ಹಾಕಿ ಅಂದೆ, ಹಾಕಿದ್ರು.

ಆದ್ರೂ ಮಾತು ನಂಬಿ ಕೂರೋ ಜಾತಿ ನಂದಲ್ಲ. ಮಲ್ಲೇಶ್ವರದಲ್ಲೇ ಇರೋ ಗೆಳೆಯನ್ನ, ಹೆಂಡ್ತಿ ಕರ್ಕೊಂಡು ಶನಿವಾರ ರಾತ್ರಿ 8ಕ್ಕೆ ಹೋಗಿ ಉಂಡ್ಕೊಂಡು ಬಾ ಅಂದೆ. ರುಚಿ ಹೇಳ್ಬೇಡ, ಬಾಗಿಲಲ್ಲಿ ಪಾರ್ಸೆಲ್ ಹುಡುಗ್ರು ಎಷ್ಟು ಜನ ನಿಂತಿದಾರೆ ನೋಡು, ರೋಟಿ ಹೇಳಿದ್ಮೇಲೆ ಎಷ್ಟು ನಿಮಿಷಕ್ಕೆ ಬಂತು ಬರ್ಕೋ, ಮೆಟ್ಲೆಷ್ಟು ಎಣಿಸು, ಟಾಯ್ಲೆಟ್ ನೋಡು. ಆ್ಯಪಿನ ಹುಡುಗ್ರು ಹತ್ತು ಜನ ನಿಂತಿದ್ರೆ ಅಡುಗೆಮನೆ ಅರ್ಧ ಅವ್ರಿಗೇ ದುಡೀತಿದೆ ಅಂತ ಲೆಕ್ಕ. ಅವ್ನು ಕಳಿಸಿದ್ದು: "ಪಾರ್ಸೆಲ್ 3, ರೋಟಿ 14 ನಿಮಿಷ, ಮೆಟ್ಲು 5, ಟಾಯ್ಲೆಟ್ ಪರ್ವಾಗಿಲ್ಲ, ನನ್ನ 740 ರೂಪಾಯಿ ಯಾವಾಗ ಕೊಡ್ತಿ?"

14 ನಿಮಿಷ ಇಬ್ಬರಿಗೆ, 18 ಜನಕ್ಕೆ ಹೇಗೆ? ಅದಕ್ಕೇ ಎರಡು ದಿನ ಮುಂಚೆನೇ ಊಟ ಗೊತ್ತುಮಾಡಿ ಕಳಿಸ್ದೆ. ಸ್ಟಾರ್ಟರು ಮೂರು ಥರ, ಗ್ರೇವಿ ಎರಡು ಥರ, ನಾಲ್ಕು ಜನಕ್ಕೊಂದರ ಹಾಗೆ ಐದೈದು ಪ್ಲೇಟು. ತಂದೂರು ಇರೋದು ಒಂದೇ, ರೋಟಿ ನಾಲ್ಕು ನಾಲ್ಕೇ ಬರೋದು, ಅದಕ್ಕೆ ಪಲಾವ್‌ನ ಗ್ರೇವಿ ಜೊತೆಗೇ ಇಡಿ, ಯಾರ ಕೈಯೂ ಖಾಲಿ ಇರ್ಬಾರ್ದು ಅಂದೆ. ಎಲ್ಲರ ಹತ್ರ 600 ಮುಂಚೆನೇ ಫೋನ್‌ಪೇ ಹಾಕಿಸ್ಕೊಂಡೆ, ಉಂಡಮೇಲೆ ದುಡ್ಡು ಕೇಳೋ ಕರ್ಮ ಯಾರಿಗೆ ಬೇಕು.

7ಕ್ಕೆ ಕೂತ್ವಿ, 7.10ಕ್ಕೆ ಮೂರು ಕಡೆಯಿಂದ ಒಟ್ಟಿಗೆ ಬಡಿಸ್ತಾ ಬಂದ್ರು. ಪನ್ನೀರಿಗೆ ಕ್ರೀಮು ಜಾಸ್ತಿ ಆಗಿತ್ತು, ಮೊಸರನ್ನಕ್ಕೆ ದಾಳಿಂಬೆ, ದ್ರಾಕ್ಷಿ ಎಲ್ಲ ಹಾಕಿ ಸಿಹಿ ಮಾಡಿದ್ರು, ಅದೊಂದು ನಾನು ಹೇಳೋದು ಮರ್ತಿದ್ದೆ. ಸಾಗರದವನು ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಬ್ಯಾಗಿಂದ ತೆಗೆದು ಟೇಬಲ್ ಮೇಲಿಟ್ಟ, ಆಮೇಲೆ ಮೊಸರನ್ನ ಹೇಗಿದೆ ಅಂತ ಯಾರೂ ಕೇಳ್ಲಿಲ್ಲ. ಬಿಲ್ಲು 9,640, ಜಿಎಸ್‌ಟಿ 482, ಒಟ್ಟು 10,122. ಬಡಿಸಿದ ಹುಡುಗ್ರಿಗೆ 400 ಕೊಟ್ಟೆ, ಉಳಿದ 278ಕ್ಕೆ ಟ್ರೇನಿಗೆ ನೀರು, ಬಾಳೆಹಣ್ಣು. 9.40ಕ್ಕೆ ಮೆಟ್ರೋ ಹತ್ತಿದ್ವಿ, 10.15ಕ್ಕೆ ಪ್ಲಾಟ್‌ಫಾರಮ್ಮಲ್ಲಿ ಕೂತು ಹರಟೆ.

ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿದು ಮನೆಗೆ ಹೋಗಿ ಮಲಗಿದ್ದೆ, 11ಕ್ಕೆ ಆ ಮ್ಯಾನೇಜರ್ ಫೋನು. ಉಪ್ಪಿನಕಾಯಿ ಬಾಟ್ಲಿ ಅಲ್ಲೇ ಬಿಟ್ಟು ಬಂದಿದೀವಂತೆ, ಕೊರಿಯರ್ ಮಾಡ್ಲಾ ಅಂತ ಕೇಳಿದ್ರು. ಬೇಡ ಸಾರ್ ನೀವೇ ಇಟ್ಕೊಳ್ಳಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಸರಿ ಸಾರ್, ನಮ್ಮ ಅಡುಗೆ ಹುಡುಗ್ರು ಆಗ್ಲೇ ಅರ್ಧ ಮುಗಿಸಿದಾರೆ" ಅಂದ್ರು.