ಕೊನೆಯ ವರ್ಷಕ್ಕೆ ಇನ್ನೊಂದು ಎಪಿ ಬೇಕಾ?

ಅಮೆರಿಕದಲ್ಲಿ ಹೈಸ್ಕೂಲ್ ಓದುವ ಮಕ್ಕಳಿರುವವರಿಗೆ ಒಂದು ಮಾತು. ಹನ್ನೆರಡನೇ ತರಗತಿಗೆ ಇನ್ನೊಂದು ಎಪಿ ಕೋರ್ಸ್ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಸೇರಿಸುವ ಮೊದಲು ಕ್ಯಾಲೆಂಡರ್ ನೋಡಿ. ಎಪಿ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಅಂಕ ಬರುವುದು ಜುಲೈನಲ್ಲಿ. ಅಷ್ಟರಲ್ಲಿ ಕಾಲೇಜುಗಳು ಯಾರಿಗೆ ಸೀಟು ಅಂತ ತೀರ್ಮಾನಿಸಿ ಆಗಿರುತ್ತದೆ. ಅವರ ಕಣ್ಣಿಗೆ ಬೀಳುವುದು ಕೋರ್ಸಿನ ಹೆಸರು ಮತ್ತು ಅರ್ಧ ವರ್ಷದ ಗ್ರೇಡ್ ಅಷ್ಟೇ. ಆ ಅರ್ಧ ವರ್ಷದಲ್ಲೇ ಅರ್ಜಿಯ ಪ್ರಬಂಧಗಳನ್ನೂ ಬರೆಯಬೇಕು. ಎರಡೂ ಒಟ್ಟಿಗೆ ಮೈಮೇಲೆ ಬಿದ್ದರೆ ಗ್ರೇಡ್ ಜಾರುತ್ತದೆ, ಅಲ್ವಾ?

ಇಂಜಿನಿಯರಿಂಗ್ ಅಂತ ಮನಸ್ಸು ಮಾಡಿದವರು ಕ್ಯಾಲ್ಕುಲಸ್, ಫಿಸಿಕ್ಸ್ ಬಿಡದಿರುವುದು ಒಳ್ಳೆಯದು. ಆದರೆ ಪಕ್ಕದ ಮನೆ ಹುಡುಗ ಎಂಟು ತಗೊಂಡಿದ್ದಾನೆ ಅಂತ ಸುಮ್ನೆ ಸೇರಿಸಬೇಡಿ. ಅವನ ಶಾಲೆಯೇ ಬೇರೆ ಇರಬಹುದು. ನಿಮ್ಮ ಶಾಲೆಯಲ್ಲಿ ಏನೇನು ಸಿಗುತ್ತದೆ ಅನ್ನುವುದನ್ನೂ ಕಾಲೇಜಿನವರು ನೋಡುತ್ತಾರೆ.

ಎಪಿ ಅಂಕ ತೋರಿಸಿ ಕಾಲೇಜಿನಲ್ಲಿ ಕ್ರೆಡಿಟ್ ಪಡೆದು, ಅಲ್ಲಿ ಓದಬೇಕಾದ ಕೋರ್ಸ್ ಉಳಿಸುವ ಆಸೆಯಿದ್ದರೆ ಆಯಾ ಕಾಲೇಜಿನ ವೆಬ್‌ಸೈಟ್ ನೋಡಿ. ಕೆಲವು ಕಡೆ 5ಕ್ಕೆ 3 ಸಾಕು, ಕೆಲವು ಕಡೆ 4 ಅಥವಾ 5 ಬೇಕು.

ಹಾಗೇ, ಕೋರ್ಸ್ ಬಿಡುವುದಕ್ಕೆ ಕೊನೆಯ ದಿನ ಯಾವುದು ಅಂತ ಕೌನ್ಸೆಲರ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.